ಎರಡೂವರೆ ಲಕ್ಷ ದಾಟಿದ ಡೀಸೆಲ್ ಗಾಡಿ: ನಂಬಿ ದೂರ ಹೋಗ್ಬೋದಾ?

ಹೋದ ಸೆಮಿಸ್ಟರ್ ರಜೆಗೆ ಊರಿಗೆ ಹೋದಾಗ ನಮಗೊಂದು ವೈವಾ ನಡೀತು. ಕಾಲೇಜಲ್ಲಲ್ಲ, ಹಗರಿಬೊಮ್ಮನಹಳ್ಳಿಯ ಒಂದು ಮನೆ ಮುಂದೆ, ಬೇವಿನ ಮರದ ಕೆಳಗೆ. ನಾವು ಮೂವರು, ಮೂವರೂ ಮೆಕ್ಯಾನಿಕಲ್ ಮೂರನೇ ವರ್ಷ. ಒಬ್ಬ ಅದೇ ಮನೆಯವನು, ಒಬ್ಬ ಕೊಟ್ಟೂರಿನವನು, ಇನ್ನೊಬ್ಬ ಕೂಡ್ಲಿಗಿ ಕಡೆಯವನು. ಮರದ ಕೆಳಗೆ ನಿಂತಿದ್ದು 2,60,000 ಕಿಲೋಮೀಟರ್ ಓಡಿದ ಡೀಸೆಲ್ ಕಾರು. ಪ್ರಶ್ನೆ ಕೇಳಿದವರು ನಮ್ಮಲ್ಲೊಬ್ಬನ ಅಪ್ಪ, ಉಳಿದಿಬ್ಬರಿಗೆ ಕಾಕಾ.

"ಮೂರು ವರ್ಷ ಆತು ನೀವು ಮೆಕ್ಯಾನಿಕಲ್ ಓದಾಕತ್ತು. ಈಗ ಹೇಳ್ರಪಾ, ಈ ಗಾಡಿ ತಗೊಂಡು ಅವ್ವನ್ನ ಬೆಂಗ್ಳೂರಿಗೆ ಕರ್ಕೊಂಡು ಹೋಗ್ಬೋದೋ ಬ್ಯಾಡೋ?"

ಅಜ್ಜಿಗೆ ಹೃದಯದ ತೊಂದರೆ. ಮುಂದಿನ ಸೋಮವಾರ ಬೆಳಿಗ್ಗೆ ಬೆಂಗಳೂರಿನ ಆಸ್ಪತ್ರೆಯಲ್ಲಿ ತೋರಿಸ್ಬೇಕಿತ್ತು. ಬಹಳ ದಿನ ಕಾದ ಮೇಲೆ ಸಿಕ್ಕ ಅಪಾಯಿಂಟ್‌ಮೆಂಟ್ ಅದು. ಹೊಸಪೇಟೆಯಿಂದ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಇದೆ, ಆದ್ರೆ ಟಿಕೆಟ್ ವೇಟಿಂಗ್ ಲಿಸ್ಟ್‌ನಲ್ಲೇ ಇತ್ತು. ಅಜ್ಜಿಗೆ ಮಂಡಿನೋವು, ಬಸ್ಸಿನ ಮೆಟ್ಟಿಲು ಹತ್ತೋದು ಕಷ್ಟ, ಗಂಟೆಗೊಮ್ಮೆ ನಿಲ್ಲಿಸ್ಬೇಕು. ಉಳಿದಿದ್ದು ಎರಡೇ ದಾರಿ: ಬಾಡಿಗೆ ಗಾಡಿ, ಇಲ್ಲಾ ಮನೆ ಗಾಡಿ. ಅಂದು ಬುಧವಾರ. ನಮ್ಮ ಕೈಯಲ್ಲಿದ್ದದ್ದು ನಾಲ್ಕು ದಿನ.

ಗಾಡಿಯ ಕಂಪನಿ ಹೆಸರು ಇಲ್ಲಿ ಬೇಡ. ಇದು ಕಂಪನಿಯ ಮಾತಲ್ಲ. ನಿಮ್ಮಲ್ಲಿ ಬಹಳ ಜನರ ಮನೆಯಲ್ಲೂ ಇಂಥದ್ದೊಂದು ಹಳೆ ಡೀಸೆಲ್ ಗಾಡಿ ಇರುತ್ತೆ, ಮನೆಯವರು ನಿಮ್ಮನ್ನೂ ಒಂದಿನ ಹೀಗೇ ಕೇಳ್ತಾರೆ. ಆಗ ಏನು ನೋಡ್ಬೇಕು, ಏನು ಹೇಳ್ಬೇಕು ಅನ್ನೋದಕ್ಕೆ ಈ ಲೇಖನ.

ನಮ್ಮ ಮೊದಲ ಉತ್ತರ

ನಾವು ಯೋಚನೆ ಮಾಡ್ದೇ ಹೇಳಿದ್ವಿ: "ಕಾಕಾ, ಡೀಸೆಲ್ ಎಂಜಿನ್ ಗಟ್ಟಿ. ಐದು ಲಕ್ಷ ಓಡಿರೋವೂ ಇದಾವೆ. ಧೈರ್ಯವಾಗಿ ಹೋಗ್ರಿ."

ಕಾಕಾ ನಕ್ಕರು. "ಹೋದ ವರ್ಷ ಕಾನಾಹೊಸಹಳ್ಳಿ ದಾಟಿದ ಮ್ಯಾಲೆ ರಸ್ತೆ ಬದೀಗೆ ನಿಂತಿದ್ದೂ ಇದೇ ಗಟ್ಟಿ ಎಂಜಿನ್ ಅಲ್ಲೇನು?"

ಆ ಕಥೆ ನಮಗೆ ಗೊತ್ತಿತ್ತು. ಏಪ್ರಿಲ್ ತಿಂಗಳ ಮಧ್ಯಾಹ್ನ, ಹೈವೇಯಲ್ಲಿ ಬಾನೆಟ್‌ನಿಂದ ಹಬೆ ಎದ್ದಿತ್ತು. ಹಿಂದೆ ಕೂತಿದ್ದ ಅಜ್ಜಿನೇ ಮೊದಲು ನೋಡಿ ಕೂಗಿದ್ದು. ಕಾಕಾ ತಕ್ಷಣ ಆಫ್ ಮಾಡಿದ್ರಿಂದ ಎಂಜಿನ್ ಉಳೀತು. ಒಡೆದಿದ್ದು ರೇಡಿಯೇಟರ್‌ಗೆ ಹೋಗೋ ರಬ್ಬರ್ ಪೈಪು. ಪೈಪಿನ ಬೆಲೆ ಮುನ್ನೂರ ಚಿಲ್ಲರೆ ರೂಪಾಯಿ. ಗಾಡಿ ಎಳಸಿ ತರೋಕೆ ಆದದ್ದು ಐದು ಸಾವಿರ. ಅವತ್ತು ಎಂಜಿನ್‌ಗೆ ಏನೂ ಆಗಿರ್ಲಿಲ್ಲ. ಆದ್ರೂ ಊರು ಮುಟ್ಟೋಕೆ ರಾತ್ರಿ ಹನ್ನೊಂದಾಯ್ತು.

ಅಂದ್ರೆ ನಮ್ಮ ಉತ್ತರ ಸುಳ್ಳೇನಲ್ಲ, ಆದ್ರೆ ಕಾಕಾ ಕೇಳಿದ ಪ್ರಶ್ನೆಗೆ ಅದು ಉತ್ತರವಾಗಿರ್ಲಿಲ್ಲ. ಅವರು ಕೇಳಿದ್ದು "ಎಂಜಿನ್ ಎಷ್ಟು ವರ್ಷ ಬಾಳುತ್ತೆ" ಅಂತಲ್ಲ, "ಸೋಮವಾರ ಬೆಳಿಗ್ಗೆ ಒಳಗೆ ಮುಟ್ಟಿಸುತ್ತಾ" ಅಂತ. ಇವೆರಡೂ ಬೇರೆ ಬೇರೆ.

ಡೀಸೆಲ್ ಎಂಜಿನ್ ಯಾಕೆ ಬಾಳಿಕೆ ಬರುತ್ತೆ

ಮೊದಲು ಎಂಜಿನ್ ಮಾತು ಮುಗಿಸೋಣ. ರುಡಾಲ್ಫ್ ಡೀಸೆಲ್‌ನ ಎಂಜಿನ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಸರಿಯಾಗಿ ಓಡಿ ತೋರಿಸ್ತು. ಅವತ್ತಿನಿಂದ ಇವತ್ತಿನವರೆಗೂ ಮೂಲ ತತ್ವ ಒಂದೇ: ಸ್ಪಾರ್ಕ್ ಪ್ಲಗ್ ಇಲ್ಲ, ಗಾಳಿಯನ್ನ ಒತ್ತಿ ಒತ್ತಿ ಬಿಸಿ ಮಾಡಿ, ಆ ಬಿಸಿಗೇ ಡೀಸೆಲ್ ಹೊತ್ತಿಸೋದು. ಕಂಪ್ರೆಷನ್ ರೇಶಿಯೋ 18 ಅಂತಿಟ್ಕೊಂಡು, 27 ಡಿಗ್ರಿಯ ಗಾಳಿಗೆ ಥರ್ಮೋಡೈನಾಮಿಕ್ಸ್ ಕ್ಲಾಸಿನ ಅಡಿಯಬ್ಯಾಟಿಕ್ ಸೂತ್ರ ಹಾಕಿ ನೋಡಿ. ಉತ್ತರ 650 ಡಿಗ್ರಿ ದಾಟುತ್ತೆ. ಅಷ್ಟು ಒತ್ತಡ ತಡೀಬೇಕಂದ್ರೆ ಬ್ಲಾಕ್, ಕ್ರ್ಯಾಂಕ್, ಕನೆಕ್ಟಿಂಗ್ ರಾಡ್ ಎಲ್ಲಾ ದಪ್ಪವಾಗೇ ಇರ್ಬೇಕು. ಹಾಗಾಗಿ ಡೀಸೆಲ್ ಎಂಜಿನ್ ಹುಟ್ಟಿನಿಂದಲೇ ಭಾರ, ಹುಟ್ಟಿನಿಂದಲೇ ಗಟ್ಟಿ.

ಎರಡನೇದು ವೇಗ. ಡೀಸೆಲ್‌ನ ಟಾರ್ಕ್ ಕೆಳಗಿನ ಆರ್‌ಪಿಎಂನಲ್ಲೇ ಸಿಗುತ್ತೆ. ಟರ್ಬೊ ಇರೋ ಸಣ್ಣ ಡೀಸೆಲ್ ಕಾರುಗಳಲ್ಲಿ 2,000 ಆಸುಪಾಸಿಗೇ ಪೂರ್ತಿ ಟಾರ್ಕ್ ಬಂದಿರುತ್ತೆ. ಅದೇ ಕೆಲಸಕ್ಕೆ ಪೆಟ್ರೋಲ್ ಎಂಜಿನ್ ಇನ್ನೂ ಜಾಸ್ತಿ ಸುತ್ತಬೇಕು. ಸುತ್ತು ಕಡಿಮೆಯಾದ್ರೆ ಸವಕಳಿನೂ ಕಡಿಮೆ.

ಮೂರನೇದು, ಡೀಸೆಲ್ ಸ್ವಲ್ಪ ಎಣ್ಣೆ ಜಾತಿಯದ್ದು. ಪೆಟ್ರೋಲ್ ಸಿಲಿಂಡರ್ ಗೋಡೆ ಮೇಲಿನ ಆಯಿಲ್ ಪದರವನ್ನ ತೊಳೆದಷ್ಟು ಡೀಸೆಲ್ ತೊಳೆಯಲ್ಲ.

ಜಗತ್ತಿನಲ್ಲಿ ಇದಕ್ಕೆ ದೊಡ್ಡ ಉದಾಹರಣೆ ಗ್ರೀಸ್ ದೇಶದ ಟ್ಯಾಕ್ಸಿ ಡ್ರೈವರ್ ಗ್ರೆಗೋರಿಯೊಸ್ ಸಚಿನಿಡಿಸ್. ಆತನ 1976ರ ಮರ್ಸಿಡಿಸ್ 240 ಡಿ ಸುಮಾರು 46 ಲಕ್ಷ ಕಿಲೋಮೀಟರ್ ಓಡಿ, 2004ರಲ್ಲಿ ಕಂಪನಿಯ ಮ್ಯೂಸಿಯಂ ಸೇರ್ತು. ಆದ್ರೆ ಇದನ್ನ ಹೇಳೋರು ಬಹಳ ಸಲ ಒಂದು ಮಾತು ಬಿಡ್ತಾರೆ: ಆ ಗಾಡಿಯ ಎಂಜಿನ್ ಹಲವು ಸಲ ಬಿಚ್ಚಿ ಬದಲಾಯಿಸಿದ್ದು. ಕಬ್ಬಿಣ ಗಟ್ಟಿ ಅಂತ ಆತ ಸುಮ್ಮನೆ ಕೂತಿರ್ಲಿಲ್ಲ.

ನಮ್ಮ ಕರ್ನಾಟಕದ್ದೇ ಉದಾಹರಣೆ ಬೇಕಂದ್ರೆ ಬಿಡದಿಯಲ್ಲಿ ತಯಾರಾದ ಟೊಯೊಟಾ ಕ್ವಾಲಿಸ್. 2000ದಿಂದ 2005ರವರೆಗೆ ಮಾತ್ರ ಬಂದ ಗಾಡಿ, ಆಮೇಲೆ ಅದರ ಜಾಗಕ್ಕೆ ಇನ್ನೋವಾ ಬಂತು. ತಯಾರಿ ನಿಂತು ಇಷ್ಟು ವರ್ಷ ಆದ್ರೂ ಇವತ್ತೂ ಹಳ್ಳಿ ರಸ್ತೆಯಲ್ಲಿ ಕ್ವಾಲಿಸ್ ಕಾಣ್ಸುತ್ತೆ.

ಮೀಟರ್ ಹೇಳೋದು ಅರ್ಧ ಮಾತ್ರ

ಓಡೋಮೀಟರ್‌ನಲ್ಲಿ 2,60,000 ಅಂತಿದೆ. ಇದು ಜಾಸ್ತಿನಾ ಕಮ್ಮಿನಾ? ಬರೀ ಸಂಖ್ಯೆ ನೋಡಿ ಹೇಳೋಕಾಗಲ್ಲ. ಒಂದು ಸಣ್ಣ ಲೆಕ್ಕ ಮಾಡೋಣ.

ಹೈವೇಯಲ್ಲಿ ಗಂಟೆಗೆ 80 ಕಿ.ಮೀ. ವೇಗ, ಟಾಪ್ ಗೇರ್, ಎಂಜಿನ್ 1,800 ಆರ್‌ಪಿಎಂ ಅಂದ್ಕೊಳ್ಳಿ. ಒಂದು ಕಿಲೋಮೀಟರ್‌ಗೆ 1,350 ಸುತ್ತು. ಈಗ ಬೆಂಗಳೂರಿನ ಟ್ರಾಫಿಕ್: ಸರಾಸರಿ 20 ಕಿ.ಮೀ. ವೇಗ, ಸರಾಸರಿ 1,300 ಆರ್‌ಪಿಎಂ. ಒಂದು ಕಿಲೋಮೀಟರ್‌ಗೆ 3,900 ಸುತ್ತು. ಅಂದ್ರೆ ಅದೇ ಒಂದು ಕಿಲೋಮೀಟರ್‌ಗೆ ಸಿಟಿ ಗಾಡಿಯ ಎಂಜಿನ್ ಹೆಚ್ಚು ಕಡಿಮೆ ಮೂರು ಪಟ್ಟು ದುಡಿದಿರುತ್ತೆ. ಕ್ಲಚ್ಚು, ಬ್ರೇಕು, ಗೇರು ಸವೆದದ್ದು ಬೇರೆ.

ಗಂಟೆ ಲೆಕ್ಕದಲ್ಲಿ ನೋಡಿದ್ರೆ ಇನ್ನೂ ಸ್ಪಷ್ಟ. 2,60,000 ಕಿ.ಮೀ. ಸರಾಸರಿ 50ರಲ್ಲಿ ಓಡಿದ್ರೆ 5,200 ಗಂಟೆ. ಸರಾಸರಿ 20ರಲ್ಲಿ ಓಡಿದ್ರೆ 13,000 ಗಂಟೆ. ಮೀಟರ್ ಒಂದೇ, ವಯಸ್ಸು ಎರಡು.

ಇದನ್ನ ಕಾಕಾಗೆ ವಿವರಿಸೋಕೆ ಹೋದ್ರೆ ಅವರೇ ನಮಗೆ ಹೇಳಿದ್ರು: "ಅದಕ್ಕೇ ಅಲ್ಲೇನು ಟ್ರ್ಯಾಕ್ಟರಿಗೆ ಗಂಟಿ ಲೆಕ್ಕ ಇರೋದು?" ಹೌದು. ಹೊಲದಲ್ಲಿ ದಿನವಿಡೀ ಉತ್ತರೂ ಟ್ರ್ಯಾಕ್ಟರ್ ದೂರ ಹೋಗಿರಲ್ಲ, ಅದಕ್ಕೇ ಅದರ ಸರ್ವಿಸ್ ಗಂಟೆ ಮೇಲೆ. ಜೆಸಿಬಿಗೂ ಹಾಗೇ. ಕಾರಿಗೆ ಮಾತ್ರ ನಾವು ಕಿಲೋಮೀಟರ್ ನೋಡಿ ಹೆದರ್ತೀವಿ, ಅಥವಾ ಕಿಲೋಮೀಟರ್ ನೋಡಿ ಖುಷಿ ಪಡ್ತೀವಿ. ಸೆಕೆಂಡ್ ಹ್ಯಾಂಡ್ ಗಾಡಿಯಾದ್ರೆ ಆ ಕಿಲೋಮೀಟರ್ ಕೂಡ ಯಾರೋ ಹಿಂದಕ್ಕೆ ತಿರುಗಿಸಿರ್ಬೋದು. ಪೆಡಲ್ ರಬ್ಬರ್, ಸ್ಟೀರಿಂಗ್ ಚರ್ಮ, ಡ್ರೈವರ್ ಸೀಟಿನ ಅಂಚು ನೋಡಿದ್ರೆ ಅನುಮಾನ ಬರುತ್ತೆ.

ಕಾಕಾನ ಗಾಡಿ ಹೊಸದಾಗೇ ತಗೊಂಡಿದ್ದು. ಓಡಿದ್ದು ಹೆಚ್ಚಾಗಿ ಹೊಸಪೇಟೆ, ಬಳ್ಳಾರಿ, ದಾವಣಗೆರೆ ರಸ್ತೆಯಲ್ಲಿ, ಬೀಜ-ಗೊಬ್ಬರದ ಅಂಗಡಿ ಕೆಲಸಕ್ಕೆ. ಹಾಗಾಗಿ ಎಂಜಿನ್ ವಿಷಯಕ್ಕೆ ನಮಗೆ ಭಯ ಇರ್ಲಿಲ್ಲ. ಭಯ ಇದ್ದದ್ದು ಬೇರೆ ವಿಷಯಕ್ಕೆ.

ಅಜ್ಜಿ ಕೇಳಿದ ಪ್ರಶ್ನೆ

ನಾವು ಇಷ್ಟೆಲ್ಲ ಲೆಕ್ಕ ಹಾಕ್ತಿದ್ದಾಗ ಕಟ್ಟೆ ಮೇಲೆ ಕೂತಿದ್ದ ಅಜ್ಜಿ ಕೇಳಿದ್ರು: "ಅಲ್ರೋ, ಸರ್ಕಾರಿ ಬಸ್ಸು ಎಷ್ಟು ಓಡೈತಿ ಅಂತ ಯಾವತ್ತಾದ್ರೂ ಕೇಳಿ ಹತ್ತೀರೇನು?"

ಇಲ್ಲ. ಹಗರಿಬೊಮ್ಮನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸು ಬಂದು ನಿಂತ್ರೆ ನಾವು ನೋಡೋದು ಬೋರ್ಡು, ಆಮೇಲೆ ಸೀಟು. ಮೀಟರ್ ನೋಡಿದ ನೆನಪೇ ಇಲ್ಲ. ಕಾಕಾನ ಕಾರಿಗಿಂತ ಎಷ್ಟೋ ಜಾಸ್ತಿ ಓಡಿದ ಬಸ್ಸನ್ನ, ಮಕ್ಕಳು ಮರಿ ಕರ್ಕೊಂಡು, ನಂಬಿ ಹತ್ತುತ್ತೀವಿ. ಬಸ್ಸು ಕೆಡಲ್ಲ ಅಂತಲ್ಲ. ಕೆಡುತ್ತೆ. ಆದ್ರೆ ಓಡಿದ ದೂರಕ್ಕೆ ಹೋಲಿಸಿದ್ರೆ ಅಪರೂಪಕ್ಕೆ.

ಯಾಕೆ? ಬಸ್ಸಿಗೆ ಡಿಪೋ ಇದೆ. ಗಾಡಿ ಡಿಪೋಗೆ ಬಂದಾಗ ಡ್ರೈವರ್ ಅವತ್ತಿನ ದೋಷ ತಿಳಿಸ್ಬೇಕು: ಬ್ರೇಕ್ ಎಳೀತಿದೆ, ಏರ್ ಲೀಕ್ ಇದೆ, ಹೀಗೆ. ಇಷ್ಟು ದಿನಕ್ಕೆ ಇದು ನೋಡ್ಬೇಕು, ಇಷ್ಟು ಕಿಲೋಮೀಟರ್‌ಗೆ ಅದು ಬದಲಾಯಿಸ್ಬೇಕು ಅಂತ ಪಟ್ಟಿ ಇದೆ. ನಮ್ಮ ದೇಶದ ಸಾರಿಗೆ ಸಂಸ್ಥೆಗಳು ಪ್ರತಿ 10,000 ಕಿಲೋಮೀಟರ್‌ಗೆ ಎಷ್ಟು ಬ್ರೇಕ್‌ಡೌನ್ ಅಂತ ಲೆಕ್ಕ ಇಡ್ತವೆ. ಬಸ್ಸನ್ನ ನಂಬೋದು ಅದು ಹೊಸದು ಅಂತಲ್ಲ, ಹಿಂದಿನ ರಾತ್ರಿ ಯಾರೋ ಅದನ್ನ ನೋಡಿರ್ತಾರೆ ಅಂತ.

ಕಾಕಾನ ಗಾಡಿಗೆ ಡಿಪೋ ಇರ್ಲಿಲ್ಲ. ಲೆಕ್ಕದ ಪುಸ್ತಕನೂ ಇರ್ಲಿಲ್ಲ. ಆಯಿಲ್ ಬದಲಾಯಿಸಿದ್ದು ನೆನಪಿತ್ತು, ಅದು ಬಿಟ್ರೆ "ಯಾವಾಗೋ ಮಾಡ್ಸಿದ್ನಪ್ಪ" ಅನ್ನೋದೇ ಉತ್ತರ. ಒಡೆದ ಪೈಪಿನ ಕಾರಣನೂ ಅಲ್ಲೇ ಸಿಕ್ತು. ಹತ್ತು ವರ್ಷ ದಾಟಿದ ರಬ್ಬರು, ಅದರ ಜೊತೆ ರೇಡಿಯೇಟರ್‌ಗೆ ಕೂಲೆಂಟ್ ಬದಲು ಬೋರ್‌ವೆಲ್ ನೀರು. ನಮ್ಮ ಕಡೆ ಬೋರಿನ ನೀರು ಗಡಸು ಅಂತ ಪಾತ್ರೆ ತಳ ನೋಡಿದ್ರೇ ಗೊತ್ತಾಗುತ್ತೆ. ಅದೇ ಬಿಳಿ ಪದರ ರೇಡಿಯೇಟರ್ ಒಳಗೂ ಕಟ್ಟುತ್ತೆ, ಕಬ್ಬಿಣ ತುಕ್ಕು ಹಿಡಿಯುತ್ತೆ, ಬಿಸಿ ಹೊರಗೆ ಹೋಗಲ್ಲ.

ಸರಪಳಿಯ ಲೆಕ್ಕ

ಗಾಡಿ ದಾರಿಯಲ್ಲಿ ನಿಲ್ಲೋಕೆ ಎಂಜಿನ್ ಕೆಡಲೇಬೇಕು ಅಂತಿಲ್ಲ. ಒಂದು ಪೈಪು, ಒಂದು ಬೆಲ್ಟು, ಬ್ಯಾಟರಿಯ ಒಂದು ಟರ್ಮಿನಲ್ ಸಾಕು. ರಿಲಯಬಿಲಿಟಿ ಪಾಠದಲ್ಲಿ ಓದಿದ ಸೀರೀಸ್ ಸಿಸ್ಟಂ ಅಂದ್ರೆ ಇದೇ. ಯಾವ ಒಂದು ಕೊಂಡಿ ಕಳಚಿದ್ರೂ ಇಡೀ ಸರಪಳಿ ಹೋಯ್ತು.

ಉದಾಹರಣೆಗೆ, ಗಾಡಿಯನ್ನ ನಿಲ್ಲಿಸಬಲ್ಲ 20 ಭಾಗ ಇವೆ ಅಂತಿಟ್ಕೊಳ್ಳಿ. ಒಂದೊಂದೂ ಈ ಪ್ರಯಾಣ ಮುಗಿಸೋ ಸಾಧ್ಯತೆ 99.5%. ಕೇಳೋಕೆ ಚೆನ್ನಾಗಿದೆ. ಆದ್ರೆ 0.995ನ್ನ 20 ಸಲ ಗುಣಿಸಿದ್ರೆ ಸುಮಾರು 0.90. ಹತ್ತು ಪ್ರಯಾಣಕ್ಕೆ ಒಂದು ಸಲ ರಸ್ತೆ ಬದಿ. ಅದೇ 20 ಭಾಗಗಳನ್ನ 99.9%ಗೆ ತಂದ್ರೆ ಒಟ್ಟು 98%. ಐವತ್ತಕ್ಕೆ ಒಂದು. ಇವು ಅಳತೆ ಮಾಡಿದ ಸಂಖ್ಯೆಗಳಲ್ಲ, ಲೆಕ್ಕ ಅರ್ಥ ಆಗಲಿ ಅಂತ ತಗೊಂಡವು. ಆದ್ರೆ ಪಾಠ ನಿಜ: ಎಂಜಿನ್ ಒಂದನ್ನೇ ಇನ್ನೂ ಗಟ್ಟಿ ಮಾಡಿದ್ರೆ ಏನೂ ಬದಲಾಗಲ್ಲ, ಅಗ್ಗದ ಹತ್ತೊಂಬತ್ತು ಭಾಗಗಳನ್ನ ನೋಡಿದ್ರೆ ಎಲ್ಲಾ ಬದಲಾಗುತ್ತೆ.

ಇದನ್ನ ಇಟ್ಕೊಂಡು ನಾವು ಕಾಕಾಗೆ ಎರಡನೇ ಉತ್ತರ ಕೊಟ್ವಿ: "ಇವತ್ತು ಇರೋ ಹಾಗೆ ಬೇಡ. ನಾಲ್ಕು ದಿನ ಕೊಡ್ರಿ, ಆಮೇಲೆ ಹೇಳ್ತೀವಿ."

ನಾಲ್ಕು ದಿನ ಏನೇನು ನೋಡಿದ್ವಿ

ನಾವೇ ಎಲ್ಲಾ ಮಾಡಿದ್ವಿ ಅಂದ್ರೆ ಸುಳ್ಳಾಗುತ್ತೆ. ಊರಲ್ಲಿ ಮೂವತ್ತು ವರ್ಷದಿಂದ ಡೀಸೆಲ್ ಗಾಡಿ ನೋಡೋ ಒಬ್ಬ ಮೆಕ್ಯಾನಿಕ್ ಇದ್ದಾರೆ. ಎಲ್ರೂ ಅವರನ್ನ ಚಾಚಾ ಅಂತಾರೆ. ನಾವು ಪುಸ್ತಕ ತಗೊಂಡು ಹೋದ್ವಿ, ಅವರು ಟಾರ್ಚ್ ತಗೊಂಡು ಬಂದ್ರು. ನೋಡಿದ ಕ್ರಮ ಹೀಗೆ.

1. ತಣ್ಣಗಿರುವಾಗ ಮೊದಲ ಸ್ಟಾರ್ಟ್. ಚಾಚಾ ಹೇಳಿದ ಮೊದಲ ಮಾತು: "ಬಿಸಿ ಎಂಜಿನ್ ಸುಳ್ಳು ಹೇಳ್ತೈತಿ. ಬೆಳಿಗ್ಗಿ ನಾನೇ ಬಂದು ಸ್ಟಾರ್ಟ್ ಮಾಡ್ತೀನಿ, ನೀವು ಮುಟ್ಟಬ್ಯಾಡ್ರಿ." ಗ್ಲೋ ಪ್ಲಗ್, ಬ್ಯಾಟರಿ, ಕಂಪ್ರೆಷನ್, ಮೂರರ ಆರೋಗ್ಯವೂ ಮೊದಲ ಸ್ಟಾರ್ಟ್‌ನಲ್ಲೇ ಗೊತ್ತಾಗುತ್ತೆ.

2. ಹೊಗೆ ಬಣ್ಣ. ಕಪ್ಪು ಅಂದ್ರೆ ಡೀಸೆಲ್ ಜಾಸ್ತಿ, ಇಲ್ಲಾ ಗಾಳಿ ಕಮ್ಮಿ. ಏರ್ ಫಿಲ್ಟರ್, ಟರ್ಬೊ ಪೈಪು, ಇಂಜೆಕ್ಟರ್ ನೋಡ್ಬೇಕು. ನೀಲಿ ಅಂದ್ರೆ ಆಯಿಲ್ ಉರೀತಿದೆ. ಬಿಳಿ ಹೊಗೆ ಬೆಳಿಗ್ಗೆ ಒಂದು ನಿಮಿಷ ಬಂದ್ರೆ ಪರವಾಗಿಲ್ಲ, ಬಿಸಿಯಾದ ಮೇಲೂ ಬರ್ತಿದ್ರೆ ಕೂಲೆಂಟ್ ಒಳಗೆ ಹೋಗ್ತಿರ್ಬೋದು.

3. ಆಯಿಲ್ ಕ್ಯಾಪ್ ತೆಗೆದು ನೋಡೋದು. ಎಂಜಿನ್ ಓಡ್ತಿರುವಾಗ ಕ್ಯಾಪ್ ಸಡಿಲಿಸಿ ಮೇಲಿಟ್ರೆ ಅದು ಕುಣಿದು ಹಾರಿ ಬೀಳೋ ಹಾಗೆ ಗಾಳಿ ಬರ್ಬಾರ್ದು. ಬಂದ್ರೆ ಪಿಸ್ಟನ್ ರಿಂಗ್ ಸವೆದು ಒತ್ತಡ ಕೆಳಗೆ ಸೋರ್ತಿದೆ ಅಂತರ್ಥ. ನಮ್ಮ ಗಾಡಿಯಲ್ಲಿ ಕ್ಯಾಪ್ ಸ್ವಲ್ಪ ನಡುಗಿತು ಅಷ್ಟೇ. ಆಯಿಲ್ ಕಪ್ಪಗಿದೆ ಅಂತ ನಾವು ಗಾಬರಿಯಾದ್ವಿ, ಚಾಚಾ ಆಗಲಿಲ್ಲ. ಡೀಸೆಲ್‌ನ ಮಸಿಯಿಂದ ಆಯಿಲ್ ಬೇಗ ಕಪ್ಪಾಗೋದು ಸಹಜ. ನೋಡ್ಬೇಕಾದ್ದು ಮಟ್ಟ ಎಷ್ಟು ಇಳಿದಿದೆ ಅನ್ನೋದು.

4. ನೀರಿನ ವ್ಯವಸ್ಥೆ. ಇಲ್ಲಿ ಅತಿ ಹೆಚ್ಚು ಸಮಯ ಹೋಯ್ತು. ಹಳೇ ನೀರು ಬಿಟ್ಟಾಗ ಟೀ ಬಣ್ಣದ್ದು ಬಂತು. ತೊಳೆದು, ಉಳಿದ ಎಲ್ಲಾ ರಬ್ಬರ್ ಪೈಪು, ಕ್ಲಿಪ್, ಥರ್ಮೋಸ್ಟಾಟ್, ರೇಡಿಯೇಟರ್ ಕ್ಯಾಪ್ ಬದಲಾಯಿಸಿ, ಡಿಸ್ಟಿಲ್ಡ್ ನೀರಿನ ಜೊತೆ ಅರ್ಧಕ್ಕರ್ಧ ಕೂಲೆಂಟ್ ಹಾಕಿದ್ವಿ. ಕ್ಯಾಪ್ ಸಣ್ಣ ವಸ್ತು, ಆದ್ರೆ ವ್ಯವಸ್ಥೆಯನ್ನ ಒತ್ತಡದಲ್ಲಿ ಇಡೋದು ಅದೇ. ಒತ್ತಡ ಮತ್ತು ಕೂಲೆಂಟ್ ಎರಡೂ ಸರಿ ಇದ್ರೆ ಕುದಿಯೋ ಬಿಂದು 120 ಡಿಗ್ರಿ ದಾಟುತ್ತೆ. ಕ್ಯಾಪ್ ಸೋತ್ರೆ ಆ ಲಾಭ ಹೋಯ್ತು. ಬಿಸಿ ಇದ್ದಾಗ ಈ ಕ್ಯಾಪ್ ತೆಗೆದ್ರೆ ಮುಖ ಸುಡುತ್ತೆ, ನೆನಪಿರ್ಲಿ. ಸ್ಟಾರ್ಟ್ ಮಾಡಿದ ಎರಡೇ ನಿಮಿಷಕ್ಕೆ ಪೈಪು ಕಲ್ಲಿನ ಹಾಗೆ ಗಟ್ಟಿಯಾದ್ರೆ, ಇಲ್ಲಾ ನೀರಿನಲ್ಲಿ ಗುಳ್ಳೆ ಬರ್ತಾನೇ ಇದ್ರೆ ಹೆಡ್ ಗ್ಯಾಸ್ಕೆಟ್ ಅನುಮಾನ.

5. ಟೈಮಿಂಗ್ ಬೆಲ್ಟ್. ಕೆಲವು ಎಂಜಿನ್‌ಗೆ ಚೈನ್, ಕೆಲವಕ್ಕೆ ಬೆಲ್ಟ್. ಈ ಗಾಡಿಗೆ ಬೆಲ್ಟ್. ಅದು ತುಂಡಾದ್ರೆ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿಯುತ್ತೆ, ಎಂಜಿನ್ ಅಲ್ಲೇ ಮುಗೀತು. ಬೆಲ್ಟ್ ನೋಡೋಕೆ ಚೆನ್ನಾಗೇ ಇತ್ತು. ಆದ್ರೆ ಕಳೆದ ಸಲ ಯಾವಾಗ ಹಾಕಿದ್ದು ಅಂತ ಯಾರಿಗೂ ಗೊತ್ತಿರ್ಲಿಲ್ಲ. ಚಾಚಾ: "ಗೊತ್ತಿಲ್ಲ ಅಂದ್ರೆ ಹಾಕಿಲ್ಲ ಅಂತಾನ ಲೆಕ್ಕ." ಬೆಲ್ಟು, ಟೆನ್ಷನರ್, ವಾಟರ್ ಪಂಪ್ ಒಟ್ಟಿಗೇ ಬದಲಾಯಿಸಿದ್ವಿ. ಮೂರಕ್ಕೂ ಬಿಚ್ಚೋ ಕೆಲಸ ಹೆಚ್ಚು ಕಡಿಮೆ ಒಂದೇ.

6. ಡೀಸೆಲ್ ಫಿಲ್ಟರ್. ಕಾಮನ್ ರೈಲ್ ಎಂಜಿನ್‌ನಲ್ಲಿ ಡೀಸೆಲ್ ಸಾವಿರ ಬಾರ್ ಮೀರಿದ ಒತ್ತಡದಲ್ಲಿ ಕೂದಲೆಳೆಯಂಥ ತೂತಿನಿಂದ ಬರುತ್ತೆ. ಒಂದು ಹನಿ ನೀರು, ಒಂದು ಕಣ ಧೂಳು ಅಲ್ಲಿ ದೊಡ್ಡ ಶತ್ರು. ಫಿಲ್ಟರ್ ಕೆಳಗೆ ನೀರು ಬಿಡೋ ಸ್ಕ್ರೂ ಇರುತ್ತೆ. ಬಿಟ್ಟಾಗ ಅರ್ಧ ಲೋಟ ನೀರು ಬಂತು. ಹೊಸ ಫಿಲ್ಟರ್ ಹಾಕಿದ್ವಿ.

7. ಬ್ಯಾಟರಿ, ಆಲ್ಟರ್ನೇಟರ್. ಇದು ಮಲ್ಟಿಮೀಟರ್ ಇರೋ ನಮ್ಮ ಕೆಲಸ. ಎಂಜಿನ್ ಓಡುವಾಗ 14 ವೋಲ್ಟ್ ಆಸುಪಾಸು ಬರ್ಬೇಕು, ಬಂತು. ಸ್ಟಾರ್ಟ್ ಮಾಡೋ ಕ್ಷಣದಲ್ಲಿ ತೀರಾ ಇಳೀಬಾರ್ದು. ನಮ್ಮದು 9 ವೋಲ್ಟ್‌ಗಿಂತ ಕೆಳಗೆ ಹೋಯ್ತು. ಡೀಸೆಲ್ ಎಂಜಿನ್ ತಿರುಗಿಸೋಕೆ ಹೆಚ್ಚು ಕರೆಂಟ್ ಬೇಕು, ಸೋತ ಬ್ಯಾಟರಿ ಚಳಿಯಲ್ಲಿ ಕೈ ಕೊಡುತ್ತೆ. ಹೊಸದು ತಂದ್ವಿ.

8. ಬ್ರೇಕ್ ಮತ್ತು ಟೈರ್. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತೆ. ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಲ್ಲ, ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯಬಹುದು. ಟೈರ್ ಪಕ್ಕದಲ್ಲಿ ಡಾಟ್ ಅಂತ ಬರೆದ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತೆ. 2319 ಅಂತಿದ್ರೆ 2019ನೇ ಇಸವಿಯ 23ನೇ ವಾರ ತಯಾರಾಗಿದ್ದು. ನಾಲ್ಕು ಟೈರ್ ಪರವಾಗಿರ್ಲಿಲ್ಲ. ಸ್ಟೆಪ್ನಿ ಗಾಡಿ ಜೊತೆ ಬಂದದ್ದೇ, ಬಳಸದೇ ಇದ್ದದ್ದಕ್ಕೆ ನೋಡೋಕೆ ಹೊಸದು, ಪಕ್ಕದ ಗೋಡೆಯಲ್ಲಿ ಬಿರುಕು. ಅದನ್ನ ತೆಗೆದ್ವಿ.

ಒಟ್ಟು ಖರ್ಚು ಇಪ್ಪತ್ತೆರಡು ಸಾವಿರದ ಹತ್ತಿರ ಆಯ್ತು. ಕಾಕಾ ನೇರವಾಗೇ ಹೇಳಿದ್ರು: "ಇದಕ್ಕಿಂತ ಬಾಡಿಗಿ ಗಾಡಿ ಸೋವಿ ಆಗ್ತಿತ್ತಲ್ಲೋ." ಒಂದು ಪ್ರಯಾಣದ ಲೆಕ್ಕಕ್ಕೆ ಅವರ ಮಾತು ಸರಿ. ಆದ್ರೆ ಇದರಲ್ಲಿ ಬಹುಪಾಲು ಯಾವತ್ತೋ ಮಾಡ್ಬೇಕಿದ್ದ ಕೆಲಸ, ವರ್ಷಗಟ್ಟಲೆ ಮುಂದಕ್ಕೆ ಹಾಕಿದ್ದು. ಸಣ್ಣ ಡೀಸೆಲ್ ಕಾರು ಹೊಸದು ತಗೊಳ್ಳೋಣ ಅಂದ್ರೂ ಈಗ ಆಯ್ಕೆ ಕಡಿಮೆ. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಬಂದಾಗ ಮಾರುತಿಯಂಥ ಕಂಪನಿನೇ ಡೀಸೆಲ್ ಕಾರು ನಿಲ್ಲಿಸ್ತು.

ಯಾವಾಗ ಬೇಡ ಅನ್ಬೇಕು

ಇಷ್ಟೆಲ್ಲಾ ಓದಿ ಯಾವ ಹಳೇ ಗಾಡಿಯಾದ್ರೂ ನಡೆಯುತ್ತೆ ಅಂದ್ಕೋಬೇಡಿ. ನಾವು ಮೊದಲೇ ಒಂದು ಹಾಳೆಯಲ್ಲಿ ಬರೆದಿಟ್ಟಿದ್ವಿ, ಇವುಗಳಲ್ಲಿ ಒಂದು ಕಂಡ್ರೂ ಬಾಡಿಗೆ ಗಾಡಿನೇ ಅಂತ: ಕೂಲೆಂಟ್ ಮಟ್ಟ ಕಾರಣ ಗೊತ್ತಿಲ್ಲದೇ ಇಳೀತಿದ್ರೆ. ಬಿಸಿಯಾದ ಮೇಲೂ ನೀಲಿ ಅಥವಾ ಬಿಳಿ ಹೊಗೆ ಬಂದ್ರೆ. ಆಯಿಲ್ ಲೈಟು ಒಂದು ಸಲ ಮಿನುಗಿದ್ರೂ. ಬ್ರೇಕ್ ಪೆಡಲ್ ಮೆತ್ತಗಿದ್ರೆ. ಸ್ಟೀರಿಂಗ್‌ನಲ್ಲಿ ಆಟ ಇದ್ರೆ. ಚಾಸಿಯಲ್ಲಿ ತಿನ್ನೋ ತುಕ್ಕು ಇದ್ರೆ.

ಮೊದಲೇ ಬರೆದಿಡೋದು ಯಾಕಂದ್ರೆ, ಇಪ್ಪತ್ತು ಸಾವಿರ ಖರ್ಚು ಮಾಡಿದ ಮೇಲೆ "ಇರ್ಲಿ ಬಿಡ್ರಿ, ಹೋಗ್ಬೋದು" ಅನ್ಸೋಕೆ ಶುರುವಾಗುತ್ತೆ. ನಮಗೂ ಅನ್ಸಿತ್ತು.

ಇನ್ನೊಂದು ಮಾತು. ಹಳೇ ಡೀಸೆಲ್ ಗಾಡಿ ಉಗುಳೋ ಹೊಗೆ ಬರೀ ನಮ್ಮದಲ್ಲ, ಹಿಂದೆ ಬರೋ ಬೈಕಿನವರದ್ದೂ ಹೌದು. ದೆಹಲಿ ಸುತ್ತಮುತ್ತ 10 ವರ್ಷ ದಾಟಿದ ಡೀಸೆಲ್ ಗಾಡಿಗಳ ಮೇಲೆ ಕೋರ್ಟುಗಳು ನಿರ್ಬಂಧ ಹಾಕಿದ್ದು ಅದಕ್ಕೇ. ನಮ್ಮ ಕಡೆ ಖಾಸಗಿ ಕಾರಿಗೆ 15 ವರ್ಷಕ್ಕೆ ಆರ್‌ಟಿಒ ತಪಾಸಣೆ ಮಾಡಿಸಿ ನೋಂದಣಿ ನವೀಕರಿಸ್ಬೇಕು. ಕಪ್ಪು ಹೊಗೆ ಬಿಡೋ ಗಾಡಿ ಊರು ಮುಟ್ಟಿಸಿದ್ರೂ ಅದನ್ನ ಒಳ್ಳೇ ಗಾಡಿ ಅನ್ನೋಕಾಗಲ್ಲ. ಹೊಗೆ ತಪಾಸಣೆ ಪತ್ರ, ಇನ್ಶೂರೆನ್ಸ್ ಎರಡೂ ಇವೆ ಅಂತ ನೋಡ್ಕೊಂಡ್ವಿ.

ಶನಿವಾರ ಸಂಜೆ ಕೊನೇ ಪರೀಕ್ಷೆ. ಹೊಸಪೇಟೆವರೆಗೆ ಹೋಗಿ ವಾಪಸ್. ರಿಪೇರಿ ಮಾಡಿದ ತಕ್ಷಣ ದೂರ ಹೋಗ್ಬಾರ್ದು. ಹೊಸದಾಗಿ ಬಿಗಿದ ಕ್ಲಿಪ್ಪೂ ಸೋರ್ಬೋದು, ಹೊಸ ಭಾಗವೂ ಕೆಟ್ಟದ್ದಿರ್ಬೋದು. ಬಾತ್‌ಟಬ್ ಕರ್ವ್‌ನ ಎಡಗಡೆ ಏರು ಅಂತ ಕ್ಲಾಸಲ್ಲಿ ಹೇಳ್ತಾರಲ್ಲ, ಅದು. ವಾಪಸ್ ಬಂದು ನೋಡಿದ್ರೆ ನಿಜಕ್ಕೂ ಒಂದು ಕ್ಲಿಪ್ ಹತ್ರ ಒದ್ದೆ ಇತ್ತು. ಅರ್ಧ ಸುತ್ತು ಬಿಗಿದ್ವಿ. ರಾತ್ರಿ ಕಾಕಾಗೆ ಹೇಳಿದ್ವಿ: "ಹೋಗ್ಬೋದು."

ಹೇಳಿದ ಮೇಲೆ ನಮ್ಮಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಬರ್ಲಿಲ್ಲ. ಪರೀಕ್ಷೆಯಲ್ಲಿ ತಪ್ಪು ಬರೆದ್ರೆ ಅಂಕ ಹೋಗುತ್ತೆ. ಇಲ್ಲಿ ಹಿಂದಿನ ಸೀಟಲ್ಲಿ ಅಜ್ಜಿ.

ದಾರಿಯಲ್ಲಿ

ಭಾನುವಾರ ಬೆಳಿಗ್ಗೆ ಐದಕ್ಕೆ ಹೊರಟದ್ದು. ಒಂದು ದಿನ ಮೊದಲೇ ಹೊರಡೋದೂ ನಮ್ಮ ಷರತ್ತೇ. ದಾರಿ ಕೆಟ್ರೂ ಒಂದು ರಾತ್ರಿ ಕೈಯಲ್ಲಿರುತ್ತೆ. ಗಾಡಿಯನ್ನ 99%ಗೆ ತರೋದು ಕಷ್ಟ, ಯೋಜನೆಯಲ್ಲಿ ಒಂದು ದಿನ ಬಿಡೋದು ಸುಲಭ. ಮುನ್ನೂರು ಕಿ.ಮೀ. ಆಸುಪಾಸಿನ ದಾರಿ: ಕೂಡ್ಲಿಗಿಗೆ ಹೋಗಿ ಎನ್‌ಎಚ್ 50 ಹಿಡಿದು ಚಿತ್ರದುರ್ಗ, ಅಲ್ಲಿಂದ ಎನ್‌ಎಚ್ 48ರಲ್ಲಿ ಹಿರಿಯೂರು, ಶಿರಾ, ತುಮಕೂರು.

ಪಾಲಿಸಿದ್ದು ಕೆಲವೇ ನಿಯಮ. ಮೊದಲ ಹತ್ತು ಕಿಲೋಮೀಟರ್ ನಿಧಾನ, ಆಯಿಲ್ ಬಿಸಿಯಾಗೋವರೆಗೆ ಎಳೀಬಾರ್ದು. ಆಮೇಲೆ 80 ದಾಟಬಾರ್ದು. ಅಜ್ಜಿಗೆ ನಿಲ್ಲಿಸಿದಾಗಲೆಲ್ಲ ಗಾಡಿ ಕೆಳಗೆ ಬಗ್ಗಿ ನೋಡೋದು, ಏನಾದ್ರೂ ತೊಟ್ಟಿಕ್ತಿದೆಯಾ ಅಂತ. ಹೈವೇಯಲ್ಲಿ ಓಡಿಸಿ ನಿಲ್ಲಿಸಿದಾಗ ಅರ್ಧ-ಒಂದು ನಿಮಿಷ ಐಡಲ್ ಬಿಟ್ಟು ಆಫ್ ಮಾಡೋದು. ಟರ್ಬೊ ಶಾಫ್ಟ್ ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತೋದು ಆಯಿಲ್ ಪದರದ ಮೇಲೆ, ಬಿಸಿ ಇದ್ದಾಗ ಆಯಿಲ್ ಹರಿವು ತಟ್ಟನೆ ನಿಲ್ಲಬಾರ್ದು.

ನಮ್ಮಲ್ಲೊಬ್ಬ ಮುಂದೆ ಕೂತು ಬ್ಲೂಟೂತ್ ಓಬಿಡಿ ಅಡಾಪ್ಟರ್‌ನಿಂದ ಮೊಬೈಲಲ್ಲಿ ಕೂಲೆಂಟ್ ತಾಪ ನೋಡ್ತಿದ್ದ. ಇದು ಶೋಕಿಗಲ್ಲ. ಎಷ್ಟೋ ಕಾರುಗಳ ಟೆಂಪರೇಚರ್ ಮುಳ್ಳು ನಡುವೆ ನಿಂತ ಮೇಲೆ ಹತ್ತು-ಹದಿನೈದು ಡಿಗ್ರಿ ಹೆಚ್ಚಾದ್ರೂ ಅಲ್ಲಾಡದ ಹಾಗೆ ಮಾಡಿರ್ತಾರೆ. ಮುಳ್ಳು ಏಳೋ ಹೊತ್ತಿಗೆ ತಡವಾಗಿರುತ್ತೆ. ನಮ್ಮದು ದಾರಿಯುದ್ದಕ್ಕೂ 86ರಿಂದ 93ರ ನಡುವೆ ಇತ್ತು. ಶಿರಾ ಹತ್ರ ಬಿಸಿಲೇರಿದಾಗ ಏಸಿ ಹಾಕಿ 96ಕ್ಕೆ ಹೋಯ್ತು, ಫ್ಯಾನ್ ಆನ್ ಆಗಿ ಇಳೀತು.

ಮಧ್ಯಾಹ್ನ ಊಟದ ಹೊತ್ತಿಗೆ ಬೆಂಗಳೂರು. ಅಜ್ಜಿ ಇಳಿದು ಹೇಳಿದ್ದು ಒಂದೇ ಮಾತು: "ಸೀಟು ಒಂಚೂರು ಚುಚ್ಚತೈತಿ." ಸೋಮವಾರ ಡಾಕ್ಟರ್ ನೋಡಿದ್ರು, ಮಾತ್ರೆ ಬದಲಾಯಿಸಿ ಆರು ತಿಂಗಳಿಗೆ ಮತ್ತೆ ಬನ್ನಿ ಅಂದ್ರು. ಮಂಗಳವಾರ ರಾತ್ರಿ ವಾಪಸ್ ಊರು.

ಸಾಬೀತಾಯ್ತಾ?

ಇಲ್ಲ. ಒಂದು ಸಲ ಹೋಗಿ ಬಂದದ್ದಕ್ಕೆ ನಮ್ಮ ಲೆಕ್ಕ ಸರಿ ಅಂತ ಸಾಬೀತಾಗಲ್ಲ. ಏನೂ ಮಾಡ್ದೇ ಹೋಗಿದ್ರೂ ಬಹುಶಃ ಮುಟ್ಟಿರ್ತಿತ್ತು. ನಮ್ಮ ಉದಾಹರಣೆಯ ಲೆಕ್ಕದಲ್ಲೇ ಹತ್ತರಲ್ಲಿ ಒಂಬತ್ತು ಸಲ ಮುಟ್ಟುತ್ತೆ. ಅಪಾಯ ಇರೋದು ಅಲ್ಲೇ. ಒಂಬತ್ತು ಸಲ ಮುಟ್ಟಿದ್ದನ್ನ ನಾವು ನಂಬಿಕೆ ಅಂದ್ಕೋತೀವಿ, ಹತ್ತನೇ ಸಲ ಯಾರು ಹಿಂದಿನ ಸೀಟಲ್ಲಿ ಇರ್ತಾರೋ ಗೊತ್ತಿರಲ್ಲ.

ನಾವು ಈಗ ಹೇಳೋದು ಇಷ್ಟು. ಹಳೇ ಡೀಸೆಲ್ ಗಾಡಿಯನ್ನ ದೂರಕ್ಕೆ ನಂಬ್ಬೋದು. ಆದ್ರೆ ಆ ನಂಬಿಕೆ ಎಂಜಿನ್ ಗಟ್ಟಿತನದ ಮೇಲೂ ಬೇಡ, ಮೀಟರ್ ಮೇಲೂ ಬೇಡ. ಯಾವ ಭಾಗ ಯಾವಾಗ ಬದಲಾಯ್ತು, ಕೊನೇ ಸಲ ಯಾರು ಯಾವಾಗ ನೋಡಿದ್ರು ಅಂತ ಗೊತ್ತಿರೋದರ ಮೇಲೆ ಇರ್ಲಿ. ಗೊತ್ತಿಲ್ಲದ್ದನ್ನ ಆಗಿಲ್ಲ ಅಂತಲೇ ಲೆಕ್ಕ ಹಾಕಿ.

ಹೊರಡೋ ಮುಂಚೆ ನಾವು ಗ್ಲೋವ್ ಬಾಕ್ಸಲ್ಲಿ ನೂರು ಪುಟದ ಒಂದು ನೋಟ್‌ಬುಕ್ ಇಟ್ಟಿದ್ವಿ. ಮೊದಲ ಎರಡು ಪುಟ ನಮ್ಮ ಕೈಬರಹ: ದಿನಾಂಕ, ಕಿಲೋಮೀಟರ್, ಬದಲಾಯಿಸಿದ ಭಾಗ. ಕಾಕಾ ಬರೀತಾರೆ ಅನ್ನೋ ನಂಬಿಕೆ ನಮಗಿರ್ಲಿಲ್ಲ. ಹೋದ ತಿಂಗಳು ಊರಿಗೆ ಹೋದಾಗ ತೆಗೆದು ನೋಡಿದ್ವಿ. ಮೂರನೇ ಪುಟದಲ್ಲಿ ಅವರ ಅಕ್ಷರ: "2,64,310. ಡೀಸಲ್ ಫಿಲ್ಟರ್ ನೀರು ಬಿಟ್ಟೆ. ಎಡಗಡೆ ಹಿಂದಿನ ಬಾಗಿಲು ಸದ್ದು ಮಾಡ್ತೈತಿ. ಅವ್ವನ ಸೀಟು ರಿಪೇರಿ ಮಾಡಿಸಬೇಕು."